ಪೋಲರೈಸರ್ ಫಿಲ್ಟರೂ ಲೈಟ್ ಮೀಟರೂ

ಛಾಯಾಗ್ರಹಣವನ್ನು ಅಭ್ಯಾಸ ಮಾಡುವವರ ಕೈಚೀಲದಲ್ಲಿ ಇರತಕ್ಕ ಉಪಕರಣಗಳಲ್ಲಿ ಪೋಲರೈಸರ್ ಫಿಲ್ಟರಿನಷ್ಟು ಶೀಘ್ರವಾಗಿ ಮನಸ್ಸನ್ನು ಗೆಲ್ಲುವುದೂ ಅದರಷ್ಟು ವಿಳಂಬವಾಗಿ ಅರ್ಥವಾಗುವುದೂ ಮತ್ತೊಂದಿಲ್ಲ. ಲೆನ್ಸಿನ ಮುಂದೆ ಅದನ್ನು ತೊಡಿಸಿ ಉಂಗುರವನ್ನು ಮೆಲ್ಲನೆ ತಿರುಗಿಸುತ್ತ ಹೋದರೆ, ಬೆಳ್ಳಗೆ ಸಪ್ಪೆಯಾಗಿದ್ದ ಆಕಾಶ ಗಾಢನೀಲವಾಗುತ್ತದೆ, ಮೋಡಗಳು ಅದರಿಂದ ಬಿಡಿಸಿಕೊಂಡು ಮುಂದೆ ಬಂದು ನಿಲ್ಲುತ್ತವೆ, ಕೆರೆಯ ನೀರಿನ ಮೇಲಣ ಹೊಳಪು ಅಳಿದು ತಳದ ಕಲ್ಲುಗಳು ಕಾಣತೊಡಗುತ್ತವೆ. ಇಷ್ಟನ್ನು ಕಣ್ಣಾರೆ ಕಂಡವರು ಆ ಗಾಜಿನ ಬಿಲ್ಲೆಗೆ ಒಲಿಯದಿರುವುದು ಅಸಾಧ್ಯ. ಆದರೆ ಹಾಗೆ ಒಲಿದು ತೆಗೆದ ಚಿತ್ರಗಳನ್ನು ಪ್ರದರ್ಶನಗಳಲ್ಲಿಯೂ ಪತ್ರಿಕೆಗಳಲ್ಲಿಯೂ ನೋಡುವಾಗ, ಆಕಾಶಕ್ಕೆ ಬರಬೇಕಾಗಿದ್ದ ಗಾಂಭೀರ್ಯ ಅರ್ಧದಲ್ಲಿಯೇ ನಿಂತು, ನೆಲದ ಮೇಲಿನ ಬಂಡೆಯೋ ಗೋಪುರವೋ ಬಿಳಿಚಿಕೊಂಡಿರುವುದು ಎಷ್ಟೋ ಸಲ ಕಂಡುಬರುತ್ತದೆ. ಫಿಲ್ಟರು ತನ್ನ ಕೆಲಸವನ್ನು ಮಾಡಿದೆ, ಮೀಟರೂ ತನ್ನ ಕೆಲಸವನ್ನು ಮಾಡಿದೆ; ಎರಡನ್ನೂ ಕೂಡಿಸಿ ಬಳಸುವ ವಿಧಾನದಲ್ಲಿ ನಮ್ಮಲ್ಲಿ ಬೇರುಬಿಟ್ಟಿರುವ ಒಂದು ರೂಢಿಯೇ ಈ ಹಾನಿಗೆ ಕಾರಣವೆಂದು ನನ್ನ ದೃಢವಾದ ಅಭಿಪ್ರಾಯ.

ಆ ರೂಢಿ ಯಾವುದೆಂದರೆ, ಫಿಲ್ಟರನ್ನು ತೊಡಿಸಿ, ಆಕಾಶ ಮನಸ್ಸಿಗೆ ಬಂದಷ್ಟು ಕಪ್ಪಾಗುವವರೆಗೆ ತಿರುಗಿಸಿ, ಆಮೇಲೆ ಎಕ್ಸ್‌ಪೋಷರ್ ಎಷ್ಟೆಂಬ ನಿರ್ಣಯವನ್ನು ಕ್ಯಾಮೆರಾದ ಒಳಗಣ ಮೀಟರಿಗೆ ಒಪ್ಪಿಸಿ ನಿಶ್ಚಿಂತರಾಗುವುದು. ಬೆಳಕು ಲೆನ್ಸಿನ ಮೂಲಕವೇ ಹಾದು ಮೀಟರಿಗೆ ಬರುತ್ತಿರುವುದರಿಂದ ಫಿಲ್ಟರು ನುಂಗಿದ ಬೆಳಕಿನ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ ಎಂಬ ಸಮಾಧಾನವನ್ನು ಇದಕ್ಕೆ ಆಧಾರವಾಗಿ ಹೇಳುತ್ತಾರೆ. ನೋಡಿಕೊಳ್ಳುತ್ತದೆ ಎಂಬುದು ನಿಜ. ಆದರೆ ಅದು ನೋಡಿಕೊಳ್ಳಬಾರದ ಇನ್ನೊಂದು ಲೆಕ್ಕವನ್ನೂ ಅದರೊಡನೆಯೇ ನೋಡಿಕೊಳ್ಳುತ್ತದೆ. ಬೆಳಕನ್ನು ಮೊದಲು ಫಿಲ್ಟರಿನ ಪ್ರಭಾವವಿಲ್ಲದೆ ಅಳೆದು, ಆ ಫಿಲ್ಟರು ತೆಗೆದುಕೊಳ್ಳುವ ನಿಯತವಾದ ಸುಂಕವನ್ನು ಅದಕ್ಕೆ ಕೂಡಿಸಿ, ಎಕ್ಸ್‌ಪೋಷರನ್ನು ಕೈಯಿಂದ ನಿಲ್ಲಿಸಿ, ಅನಂತರ ಉಂಗುರವನ್ನು ಇಷ್ಟಬಂದಂತೆ ತಿರುಗಿಸತಕ್ಕದ್ದು. ಹಳೆಯ ಕಾಲದ ಕೈಮೀಟರಿನವರು ಅನುಸರಿಸುತ್ತಿದ್ದ ಈ ಕ್ರಮವೇ ಇಂದಿಗೂ ಸರಿಯಾದುದೆಂದು ಈ ಲೇಖನದಲ್ಲಿ ವಾದಿಸಬಯಸುತ್ತೇನೆ.

ಇದರ ಕಾರಣ ತಿಳಿಯಬೇಕಾದರೆ ಬೆಳಕಿನ ಸ್ವಭಾವವನ್ನು ಸ್ವಲ್ಪ ಪರಾಮರ್ಶಿಸಬೇಕಾಗುತ್ತದೆ. ಬೆಳಕು ತಾನು ಸಾಗುವ ದಿಕ್ಕಿಗೆ ಅಡ್ಡಲಾಗಿ ಕಂಪಿಸುವ ತರಂಗ. ಸೂರ್ಯನಿಂದ ನೇರವಾಗಿ ಬರುವ ಬೆಳಕಿನಲ್ಲಿ ಈ ಕಂಪನ ಎಲ್ಲ ಅಡ್ಡ ದಿಕ್ಕುಗಳಲ್ಲಿಯೂ ಸಮನಾಗಿ ಹಂಚಿಕೊಂಡಿರುತ್ತದೆ. ಯಾವುದಾದರೂ ಕಾರಣದಿಂದ ಒಂದು ದಿಕ್ಕಿನ ಕಂಪನ ಮೇಲುಗೈ ಪಡೆದರೆ ಅಂತಹ ಬೆಳಕನ್ನು ಧ್ರುವೀಕೃತವೆನ್ನುತ್ತಾರೆ. ನೆಪೋಲಿಯನ್ನನ ಸೈನ್ಯದಲ್ಲಿ ಎಂಜಿನಿಯರಾಗಿದ್ದ ಎಟಿಯೆನ್ ಲೂಯಿ ಮಾಲುಸ್ ಎಂಬಾತ 1808ರಲ್ಲಿ ಪ್ಯಾರಿಸ್ಸಿನ ತನ್ನ ಮನೆಯಿಂದ ಲಕ್ಸೆಂಬುರ್ಗ್ ಅರಮನೆಯ ಕಿಟಕಿಗಾಜುಗಳಲ್ಲಿ ಹೊಳೆಯುತ್ತಿದ್ದ ಅಸ್ತಮಾನದ ಸೂರ್ಯನ ಪ್ರತಿಬಿಂಬವನ್ನು ಕ್ಯಾಲ್ಸೈಟ್ ಹರಳಿನ ಮೂಲಕ ನೋಡಿದ. ಒಂದು ವಸ್ತುವನ್ನು ಎರಡಾಗಿ ತೋರಿಸುವುದು ಆ ಹರಳಿನ ಗುಣ. ಆದರೆ ಹರಳನ್ನು ತಿರುಗಿಸುತ್ತ ಹೋದಂತೆ ಎರಡು ಪ್ರತಿಬಿಂಬಗಳಲ್ಲಿ ಒಂದು ಮಂಕಾಗಿ ಇನ್ನೊಂದು ಬೆಳಗುವುದನ್ನೂ, ಮತ್ತೆ ಅದು ಮಂಕಾಗಿ ಇದು ಬೆಳಗುವುದನ್ನೂ ಆತ ಕಂಡ. ಗಾಜಿನ ಮೇಲೆ ಬಿದ್ದು ಹಿಂದಿರುಗಿದ ಮಾತ್ರದಿಂದಲೇ ಬೆಳಕಿಗೆ ಒಂದು ಹೊಸ ಗುಣ ಬಂದುಬಿಟ್ಟಿರುತ್ತದೆ ಎಂಬುದು ಅಂದು ತಿಳಿಯಿತು. ಮುಂದೆ 1815ರಲ್ಲಿ ಡೇವಿಡ್ ಬ್ರೂಸ್ಟರ್ ಈ ಗುಣ ಯಾವ ಕೋನದಲ್ಲಿ ಪರಿಪೂರ್ಣವಾಗುತ್ತದೆಂಬುದನ್ನು ನಿಯಮಕ್ಕೆ ತಂದ: ಮೇಲ್ಮೈಗೆ ಲಂಬವಾಗಿರುವ ಗೆರೆಯಿಂದ ಅಳೆದರೆ ಗಾಜಿಗೆ ಸುಮಾರು 56 ಡಿಗ್ರಿ, ನೀರಿಗೆ ಸುಮಾರು 53 ಡಿಗ್ರಿ. ಆಕಾಶದ ನೀಲಿ ಬೆಳಕೂ ಧ್ರುವೀಕೃತವೇ. ವಾಯುವಿನ ಅಣುಗಳು ಚದುರಿಸಿದ ಆ ಬೆಳಕಿನಲ್ಲಿ ಸೂರ್ಯನಿಗೆ 90 ಡಿಗ್ರಿ ದೂರದ ಪಟ್ಟಿಯಲ್ಲಿ ಈ ಗುಣ ಅತ್ಯಂತ ಪ್ರಬಲವಾಗಿರುತ್ತದೆ. ನಮ್ಮ ಕಣ್ಣಿಗೆ ಸಾಮಾನ್ಯವಾಗಿ ಇದರ ಅರಿವಾಗುವುದಿಲ್ಲ. ಜೇನುನೊಣಕ್ಕೆ ಆಗುತ್ತದೆಂದೂ, ಅದು ಆಕಾಶದ ಈ ಗುಣವನ್ನು ನೋಡಿಯೇ ದಿಕ್ಕನ್ನು ಹಿಡಿಯುತ್ತದೆಂದೂ ಕಾರ್ಲ್ ಫಾನ್ ಫ್ರಿಶ್ 1949ರಲ್ಲಿ ತೋರಿಸಿಕೊಟ್ಟರು.

ಬಹುಕಾಲದವರೆಗೆ ಧ್ರುವೀಕೃತ ಬೆಳಕನ್ನು ಬೇರ್ಪಡಿಸಲು ಇದ್ದ ಸಾಧನವೆಂದರೆ 1828ರಲ್ಲಿ ವಿಲಿಯಂ ನಿಕೋಲ್ ರಚಿಸಿದ, ಕ್ಯಾಲ್ಸೈಟನ್ನು ಸೀಳಿ ಅಂಟಿಸಿದ ಸಣ್ಣ ಪ್ರಿಸಂ. ಅದು ಪ್ರಯೋಗಶಾಲೆಯ ಬೆಲೆಬಾಳುವ ವಸ್ತುವಾಗಿತ್ತೇ ಹೊರತು ಕ್ಯಾಮೆರಾದ ಮುಂದೆ ಸಿಕ್ಕಿಸುವ ವಸ್ತುವಾಗಿರಲಿಲ್ಲ. ಅಮೆರಿಕದ ಎಡ್ವಿನ್ ಲ್ಯಾಂಡ್ ಇನ್ನೂ ತರುಣನಾಗಿದ್ದಾಗಲೇ, ಸೂಜಿಯಂತಹ ಅತಿಸೂಕ್ಷ್ಮ ಹರಳುಗಳನ್ನು ಒಂದೇ ದಿಕ್ಕಿಗೆ ಸಾಲುಗೂಡಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಹಿಡಿದಿಡುವ ಉಪಾಯವನ್ನು ಕಂಡುಹಿಡಿದು 1929ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ. 1937ರಲ್ಲಿ ಪೋಲರಾಯ್ಡ್ ಎಂಬ ಕಂಪನಿಯೇ ಸ್ಥಾಪಿತವಾಯಿತು. ಅದೇ ದಶಕದಲ್ಲಿ, 1932ರಲ್ಲಿ, ವೆಸ್ಟನ್ ಕಂಪನಿಯ ದ್ಯುತಿವಿದ್ಯುತ್ ಮೀಟರು ಮಾರುಕಟ್ಟೆಗೆ ಬಂದು, ಬೆಳಕನ್ನು ಕಣ್ಣಂದಾಜಿನಿಂದ ಊಹಿಸುವ ಬದಲು ಸೂಜಿಯ ಚಲನೆಯಿಂದ ಓದುವ ಸೌಕರ್ಯ ಸಾಮಾನ್ಯ ಛಾಯಾಗ್ರಾಹಕನಿಗೂ ಒದಗಿತು. ಹೀಗೆ ಬೆಳಕನ್ನು ಆಯ್ದುಕೊಳ್ಳುವ ಹಾಳೆಯೂ ಬೆಳಕನ್ನು ಅಳೆಯುವ ಯಂತ್ರವೂ ಸಮಕಾಲೀನವಾಗಿಯೇ ನಮ್ಮ ಕೈಸೇರಿದವು. ಎರಡರ ಪರಸ್ಪರ ಸಂಬಂಧದ ಪ್ರಶ್ನೆಯೂ ಅಂದಿನಿಂದಲೇ ಹುಟ್ಟಿತು.

ಆಗಿನ ಉತ್ತರ ಸರಳವಾಗಿತ್ತು. ಧ್ರುವೀಕೃತವಲ್ಲದ ಬೆಳಕು ಪೋಲರೈಸರಿನ ಮೇಲೆ ಬಿದ್ದರೆ, ಉಂಗುರವನ್ನು ಯಾವ ಕೋನಕ್ಕೆ ತಿರುಗಿಸಿದರೂ ಸರಿಯೆ, ಅದರಲ್ಲಿ ಅರ್ಧ ಮಾತ್ರ ದಾಟಿಹೋಗುತ್ತದೆ. ಅಂದರೆ ಆದರ್ಶವಾದ ಫಿಲ್ಟರು ಒಂದು ಸ್ಟಾಪನ್ನು ನುಂಗುತ್ತದೆ. ವಾಸ್ತವದ ಫಿಲ್ಟರುಗಳು ತಮ್ಮ ಬಣ್ಣದಿಂದಲೂ ಗಾಜಿನಿಂದಲೂ ಇನ್ನಷ್ಟನ್ನು ತಡೆಯುವುದರಿಂದ ಒಟ್ಟು ನಷ್ಟ ಸಾಮಾನ್ಯವಾಗಿ ಒಂದೂಕಾಲು ಸ್ಟಾಪಿನಿಂದ ಎರಡು ಸ್ಟಾಪಿನವರೆಗೆ ಇರುತ್ತದೆ. ಫಿಲ್ಟರಿನ ಅಂಶವೆಂದು ಪುಸ್ತಕಗಳಲ್ಲಿ ಬರೆಯುವ 2.5 ಅಥವಾ 4 ಎಂಬ ಸಂಖ್ಯೆಗಳ ಅರ್ಥವಿಷ್ಟೇ. ಒರಟಾದ ಕಲ್ಲು, ಮಣ್ಣು, ಸುಣ್ಣದ ಗೋಡೆ, ಹತ್ತಿಯ ಬಟ್ಟೆ, ಇವುಗಳಿಂದ ಚದುರಿ ಬರುವ ಬೆಳಕು ಬಹುಪಾಲು ಧ್ರುವೀಕೃತವಲ್ಲದ್ದು. ಆದಕಾರಣ ಇವುಗಳಿಗೆ ಬೇಕಾದ ಎಕ್ಸ್‌ಪೋಷರು ಉಂಗುರದ ಸ್ಥಾನವನ್ನು ಅವಲಂಬಿಸುವುದೇ ಇಲ್ಲ. ಕೈಮೀಟರಿನಿಂದ ಬೆಳಕನ್ನು ಓದು, ಫಿಲ್ಟರಿನ ಅಂಶದಷ್ಟು ಹೆಚ್ಚಿಸು, ಆಮೇಲೆ ಆಕಾಶ ಎಷ್ಟು ಕಪ್ಪಾದರೂ ಆ ಸಂಖ್ಯೆಯನ್ನು ಮುಟ್ಟಬೇಡ: ಇದೇ ಅಂದಿನ ಪಾಠ. ಆಕಾಶ ಕಪ್ಪಾಗಲೆಂದೇ ತಾನೆ ಫಿಲ್ಟರನ್ನು ಹಾಕಿದ್ದು? ಅದು ಕಪ್ಪಾದುದಕ್ಕೆ ಮತ್ತೆ ಬೆಳಕನ್ನು ಕೂಡಿಸಿದರೆ ಕೊಟ್ಟದ್ದನ್ನು ಕಿತ್ತುಕೊಂಡಂತಾಗುತ್ತದೆ.

ಒಂದು ನಿದರ್ಶನವನ್ನು ಹತ್ತಿರದಿಂದ ನೋಡೋಣ. ಡಿಸೆಂಬರ್ ತಿಂಗಳ ಬೆಳಗ್ಗೆ ಒಂಬತ್ತರ ವೇಳೆಗೆ ಹಂಪೆಯ ವಿರೂಪಾಕ್ಷ ಬಜಾರಿನಲ್ಲಿ ನಿಂತವನ ಬೆನ್ನಿನ ಕಡೆ, ಸ್ವಲ್ಪ ಎಡಕ್ಕೆ, ಆಗ್ನೇಯದಲ್ಲಿ ಸೂರ್ಯನಿರುತ್ತಾನೆ. ಮುಂದೆ ಪಶ್ಚಿಮಕ್ಕೆ, ಪೂರ್ವಾಭಿಮುಖವಾದ ಮಹಾಗೋಪುರ. ಎಲ್ಲರೂ ಫಿಲ್ಟರನ್ನು ತಿರುಗಿಸುವುದು ಆ ಗೋಪುರದ ಹಿಂದಿನ ಆಕಾಶಕ್ಕಾಗಿ. ಆದರೆ ಆ ಆಕಾಶ ಸೂರ್ಯನಿಗೆ ಬಹುಮಟ್ಟಿಗೆ ಎದುರು ಬದಿಯಲ್ಲಿರುವುದರಿಂದ ಅಲ್ಲಿ ಧ್ರುವೀಕರಣ ಕಡಿಮೆ, ಉಂಗುರವನ್ನು ಎಷ್ಟು ತಿರುಗಿಸಿದರೂ ಹೆಚ್ಚಿನ ಫಲವಿಲ್ಲ, ಬೆಳಕಿನ ನಷ್ಟ ಮಾತ್ರ ಖಂಡಿತ. ಅವನು ಎಡಕ್ಕೆ ತಿರುಗಿ ಹೇಮಕೂಟದ ಬಂಡೆಗಳ ಮೇಲಿನ ನೈಋತ್ಯದ ಆಕಾಶವನ್ನು ನೋಡಿದನೆಂದರೆ, ಸೂರ್ಯನಿಗೆ ಅದು ಹೆಚ್ಚುಕಡಿಮೆ ಲಂಬಕೋನದಲ್ಲಿರುವುದರಿಂದ, ಫಿಲ್ಟರಿನ ಪೂರ್ಣಶಕ್ತಿ ಅಲ್ಲಿ ಪ್ರಕಟವಾಗುತ್ತದೆ. ಐಎಸ್‌ಒ 100ರಲ್ಲಿ, ಬಿಸಿಲು ಬಿದ್ದ ಬಂಡೆಗೆ ಮೀಟರು ಎಫ್/11, ಸೆಕೆಂಡಿನ 125ನೆಯ ಒಂದು ಭಾಗ ಎಂದು ಹೇಳಿತೆನ್ನಿ. ಫಿಲ್ಟರಿನ ಅಂಶ 4, ಅಂದರೆ ಎರಡು ಸ್ಟಾಪು. ಶಟರನ್ನು ಹಾಗೆಯೇ ಇಟ್ಟುಕೊಂಡರೆ ಅಪರ್ಚರು ಎಫ್/5.6 ಆಗತಕ್ಕದ್ದು. ಬಂಡೆಗೆ ಇದೇ ಸರಿಯಾದ ಎಕ್ಸ್‌ಪೋಷರು.

ಈಗ ಕ್ಯಾಮೆರಾದ ಒಳಗಣ ಮೀಟರು ಏನು ಮಾಡುತ್ತದೆಂಬುದನ್ನು ಗಮನಿಸಬೇಕು. ಸೂರ್ಯನಿಂದ ದೂರದ ನೀಲಾಕಾಶದ ಕಾಂತಿ ಸಾಮಾನ್ಯವಾಗಿ ಅಂತಹ ಬಂಡೆಯ ಕಾಂತಿಗೆ ಸಮೀಪವಾಗಿಯೇ ಇರುತ್ತದೆ. ಎರಡೂ ಸಮವೆಂದೂ, ಚೌಕಟ್ಟಿನ ಅರ್ಧ ಆಕಾಶ ಅರ್ಧ ಬಂಡೆಯೆಂದೂ ಇಟ್ಟುಕೊಳ್ಳೋಣ. ಉಂಗುರವನ್ನು ತಿರುಗಿಸಿದಾಗ ಆಕಾಶ ಬಂಡೆಗಿಂತ ಒಂದೂವರೆ ಸ್ಟಾಪು ಗಾಢವಾದರೆ, ಚೌಕಟ್ಟನ್ನೆಲ್ಲ ಸರಾಸರಿ ತೆಗೆಯುವ ಮೀಟರಿಗೆ ದೃಶ್ಯವೇ ಕತ್ತಲಾದಂತೆ ತೋರುತ್ತದೆ. ಅದು ಎರಡು ಸ್ಟಾಪುಗಳ ಮೇಲೆ ಇನ್ನೂ ಅರ್ಧ ಸ್ಟಾಪಿಗಿಂತ ತುಸು ಹೆಚ್ಚಿನ ಬೆಳಕನ್ನು ಕೊಟ್ಟುಬಿಡುತ್ತದೆ. ಚೌಕಟ್ಟಿನ ಮುಕ್ಕಾಲು ಪಾಲು ಆಕಾಶವೇ ಆಗಿದ್ದರೆ ಈ ಅಧಿಕಪ್ರದಾನ ಒಂದು ಸ್ಟಾಪಿಗೆ ಹತ್ತಿರವಾಗುತ್ತದೆ. ಪರಿಣಾಮವೇನು? ಬಂಡೆಯ ಮೈಮೇಲಿನ ನಸುಗೆಂಪು, ಗೀರು, ಹರಳುಹರಳಾದ ಕಣ, ಇವು ಬಿಳಿಚಿಕೊಳ್ಳುತ್ತವೆ. ಆಕಾಶಕ್ಕೆ ಫಿಲ್ಟರು ಕೊಟ್ಟ ಒಂದೂವರೆ ಸ್ಟಾಪಿನ ಗಾಢತೆಯಲ್ಲಿ ಮೂರರಲ್ಲೊಂದು ಪಾಲಿನಿಂದ ಮೂರರಲ್ಲಿ ಎರಡು ಪಾಲಿನವರೆಗೆ ವ್ಯರ್ಥವಾಗಿಹೋಗುತ್ತದೆ. ದೃಶ್ಯವನ್ನು ಭಾಗಭಾಗವಾಗಿ ವಿಂಗಡಿಸಿ ಊಹೆಮಾಡುವ ಇಂದಿನ ಚತುರ ಮೀಟರುಗಳಲ್ಲಿ ಅಂಕಿಗಳು ಬೇರೆಯಾಗಬಹುದು, ಪ್ರವೃತ್ತಿ ಬೇರೆಯಾಗುವುದಿಲ್ಲ. ಮೇಲಾಗಿ ಅವು ಯಾವ ಸಂದರ್ಭದಲ್ಲಿ ಏನನ್ನು ಊಹಿಸಿದವೆಂಬುದನ್ನು ನಾವು ಮುಂಚಿತವಾಗಿ ತಿಳಿಯಲಾರೆವು.

ಇಲ್ಲಿಗೆ ಬಂದಾಗ ಹಲವರು, ಸಿಪಿಎಲ್ ಎಂಬ ಸರ್ಕ್ಯುಲರ್ ಪೋಲರೈಸರನ್ನು ಹಾಕಿದರೆ ಮೀಟರಿನ ತೊಂದರೆ ತೀರಿಹೋಯಿತಲ್ಲವೆ ಎಂದು ಕೇಳುತ್ತಾರೆ. ಅಂಗಡಿಯವರೂ ಹಾಗೆಯೇ ಹೇಳಿ ಮಾರುತ್ತಾರೆ. ಎರಡು ಬೇರೆಬೇರೆ ದೋಷಗಳನ್ನು ಒಂದೆಂದು ಭಾವಿಸಿದ್ದರಿಂದ ಹುಟ್ಟಿದ ಭ್ರಾಂತಿಯಿದು. ಆದುದರಿಂದ ಲೀನಿಯರ್ ಮತ್ತು ಸರ್ಕ್ಯುಲರ್ ಪೋಲರೈಸರುಗಳ ಭೇದವನ್ನು ಬಿಡಿಸಿ ಹೇಳುವುದು ಅಗತ್ಯ.

ಲೆನ್ಸಿನ ಮೂಲಕ ಬೆಳಕನ್ನು ಅಳೆಯುವ ಕ್ಯಾಮೆರಾಗಳು 1960ರ ದಶಕದಲ್ಲಿ ಬಂದವು. 1963ರ ಟಾಪ್‌ಕಾನ್, 1964ರ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಇವುಗಳಲ್ಲಿ ಮೊದಲಿನವು. ಸ್ಪಾಟ್‌ಮ್ಯಾಟಿಕ್ಕಿನಲ್ಲಿ ಮೀಟರಿನ ಕೋಶಗಳು ಕಣ್ಣಿಡುವ ಕಿಂಡಿಯ ಇಕ್ಕೆಲಗಳಲ್ಲಿ ಇದ್ದುದರಿಂದ ಸಾಧಾರಣ ಲೀನಿಯರ್ ಫಿಲ್ಟರಿನಿಂದ ಅದಕ್ಕೆ ಬಾಧಕವಿರಲಿಲ್ಲ. ಆದರೆ 1968ರ ಲೈಕಾಫ್ಲೆಕ್ಸ್ ಎಸ್‌ಎಲ್, 1971ರ ಕ್ಯಾನನ್ ಎಫ್-1 ಮೊದಲಾದವುಗಳಲ್ಲಿ, ಬೆಳಕಿನ ಒಂದು ಪಾಲನ್ನು ಮಾತ್ರ ಮೀಟರಿಗೆ ಹಾಯಿಸುವುದಕ್ಕಾಗಿ ಅರೆಪಾರಕವಾದ ಕನ್ನಡಿಯಂತಹ ಮೇಲ್ಮೈಯನ್ನು ಓರೆಯಾಗಿ ಇಟ್ಟರು. ಇಂತಹ ಮೇಲ್ಮೈ ಒಂದು ದಿಕ್ಕಿನ ಕಂಪನವನ್ನು ಹೆಚ್ಚಾಗಿಯೂ ಇನ್ನೊಂದು ದಿಕ್ಕಿನದನ್ನು ಕಡಿಮೆಯಾಗಿಯೂ ಹಿಂದಿರುಗಿಸುತ್ತದೆ. ಮಾಲುಸ್ ಕಿಟಕಿಯ ಗಾಜಿನಲ್ಲಿ ಕಂಡದ್ದು ಇದನ್ನೇ. ಮುಂದಿನ ಫಿಲ್ಟರು ಲೀನಿಯರ್ ಆಗಿದ್ದರೆ, ಅದರಿಂದ ಒಂದೇ ದಿಕ್ಕಿನ ಕಂಪನ ಹೊರಬಂದು ಈ ಓರೆಗನ್ನಡಿಯನ್ನು ಮುಟ್ಟುವುದರಿಂದ, ಉಂಗುರವನ್ನು ತಿರುಗಿಸಿದಂತೆಲ್ಲ ಮೀಟರಿಗೆ ತಲಪುವ ಪಾಲು ಹೆಚ್ಚುತ್ತಲೂ ಕುಗ್ಗುತ್ತಲೂ ಹೋಗುತ್ತದೆ. ಫಿಲ್ಮಿಗೆ ಬೀಳುವ ಬೆಳಕು ಅದೇ ಇದ್ದರೂ ಮೀಟರು ಬೇರೆಬೇರೆ ಸಂಖ್ಯೆಗಳನ್ನು ಹೇಳುತ್ತದೆ. 1985ರಲ್ಲಿ ಮಿನೋಲ್ಟಾ 7000 ಬಂದು ಆಟೋಫೋಕಸ್ ಬಳಕೆಗೆ ಬಂದ ಮೇಲೆ ಮುಖ್ಯ ಕನ್ನಡಿಯೇ ಅರೆಪಾರಕವಾಗಿ, ಈ ತೊಂದರೆ ಫೋಕಸ್ಸಿಗೂ ತಗುಲಿತು. ಇದರ ಪರಿಹಾರಕ್ಕಾಗಿ ಲೀನಿಯರ್ ಹಾಳೆಯ ಹಿಂದೆ, ಅದಕ್ಕೆ 45 ಡಿಗ್ರಿ ಓರೆಯಾಗಿ, ಕಾಲು ತರಂಗದಷ್ಟು ವಿಳಂಬವನ್ನುಂಟುಮಾಡುವ ಇನ್ನೊಂದು ಪದರವನ್ನು ಅಂಟಿಸಿದರು. ಹೊರಗಿನ ದೃಶ್ಯದ ಮೇಲೆ ಫಿಲ್ಟರಿನ ಕೆಲಸ ಮೊದಲಿನಂತೆಯೇ ನಡೆದು, ಒಳಕ್ಕೆ ಹೋಗುವ ಬೆಳಕಿನ ಕಂಪನ ಮಾತ್ರ ಸುತ್ತುತ್ತ ಸಾಗುವುದರಿಂದ ಓರೆಗನ್ನಡಿಗೆ ಪಕ್ಷಪಾತಕ್ಕೆ ಅವಕಾಶವಿಲ್ಲದಂತಾಯಿತು. ಸಿಪಿಎಲ್ ಎಂಬುದು ಇದೇ.

ಸಿಪಿಎಲ್ ತಿದ್ದಿದ ದೋಷ ಮೀಟರಿನ ಒಳಗಣ ಸುಳ್ಳು ಓದು ಮಾತ್ರ. ಆಕಾಶ ಗಾಢವಾದಾಗ ಮೀಟರು ಬೆಳಕನ್ನು ಹೆಚ್ಚಿಸುವುದು ಸುಳ್ಳು ಓದಿನಿಂದಲ್ಲ; ನಿಜವಾಗಿಯೂ ಬದಲಾದ ದೃಶ್ಯವನ್ನು ಅದು ನಿಜವಾಗಿಯೇ ಓದಿ, ಛಾಯಾಗ್ರಾಹಕನ ಉದ್ದೇಶವನ್ನು ತಿಳಿಯದೆ ಸರಿದೂಗಿಸಹೊರಡುವುದರಿಂದ. ಅತ್ಯುತ್ತಮವಾದ ಸಿಪಿಎಲ್ಲಿನಿಂದಲೂ ಈ ಎರಡನೆಯದು ತಪ್ಪುವುದಿಲ್ಲ. ಸಾವಿರಾರು ರೂಪಾಯಿ ತೆತ್ತು ಫಿಲ್ಟರನ್ನು ಕೊಂಡ ವಿದ್ಯಾರ್ಥಿಗೆ ಇಷ್ಟನ್ನು ತಿಳಿಸದೆ ಕಳುಹಿಸುವುದು ನನಗೆ ನಿಜವಾಗಿಯೂ ವ್ಯಸನವನ್ನುಂಟುಮಾಡುವ ಸಂಗತಿ.

ಹಾಗೆಯೇ ಎಲ್ಲರಿಗೂ ಸಿಪಿಎಲ್ ಬೇಕೇಬೇಕೆಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲುವುದಿಲ್ಲ. ಕನ್ನಡಿಯಿಲ್ಲದ ಇಂದಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಚಿತ್ರವನ್ನು ಹಿಡಿಯುವ ಸೆನ್ಸರೇ ಬೆಳಕನ್ನೂ ಅಳೆಯುತ್ತದೆ. ಕೈಮೀಟರನ್ನು ಬಳಸುವವರ ಹಳೆಯ ಕ್ಯಾಮೆರಾಗಳಲ್ಲಿ ಮೀಟರೇ ಇಲ್ಲ. ಇವೆರಡಕ್ಕೂ ಲೀನಿಯರ್ ಸಾಮಾನ್ಯವಾಗಿ ಸಾಕು. ತನ್ನ ಕ್ಯಾಮೆರಾಕ್ಕೆ ಯಾವುದು ಬೇಕೆಂಬುದನ್ನು ಯಾರನ್ನೂ ಕೇಳದೆ ಮನೆಯಲ್ಲಿಯೇ ತಿಳಿಯಬಹುದು: ಸಮನಾಗಿ ಬೆಳಕು ಬಿದ್ದ ಒರಟು ಗೋಡೆಯೊಂದಕ್ಕೆ ನೇರವಾಗಿ ಎದುರುನಿಂತು, ಲೀನಿಯರ್ ಫಿಲ್ಟರನ್ನು ತೊಡಿಸಿ, ಉಂಗುರವನ್ನು ಒಂದು ಸುತ್ತು ತಿರುಗಿಸಬೇಕು. ಮೀಟರಿನ ಸಂಖ್ಯೆ ಕದಲದಿದ್ದರೆ ಮೀಟರಿನ ಮಟ್ಟಿಗೆ ಲೀನಿಯರೇ ಸಾಕು. ಏರಿಳಿದರೆ ಸಿಪಿಎಲ್ ಅನಿವಾರ್ಯ. ಕೈಯಲ್ಲಿರುವ ಫಿಲ್ಟರು ಯಾವ ಜಾತಿಯದೆಂಬುದನ್ನು ಕನ್ನಡಿಯೇ ಹೇಳುತ್ತದೆ. ಕ್ಯಾಮೆರಾಕ್ಕೆ ಸಿಕ್ಕಿಸುವ ಮರೆಯ ಕಡೆ ಕನ್ನಡಿಗೆ ಮುಖವಾಗುವಂತೆ ಫಿಲ್ಟರನ್ನು ಒಂದು ಕಣ್ಣಿನ ಮುಂದೆ ಹಿಡಿದು, ಕನ್ನಡಿಯಲ್ಲಿ ಕಾಣುವ ಅದೇ ಫಿಲ್ಟರಿನ ಪ್ರತಿಬಿಂಬವನ್ನು ಅದರ ಮೂಲಕವೇ ನೋಡಬೇಕು. ಅದು ಕಪ್ಪಾಗಿ ಕಂಡರೆ ಸಿಪಿಎಲ್, ಹಿಂದಿನ ಕಣ್ಣು ಕಾಣುವಷ್ಟು ತಿಳಿಯಾಗಿದ್ದರೆ ಲೀನಿಯರ್. ಸಿಪಿಎಲ್ಲನ್ನು ಹಿಂದುಮುಂದಾಗಿ ಹಿಡಿದರೆ ಹೊಳಪನ್ನು ಅಳಿಸುವ ಶಕ್ತಿಯೂ ಇರುವುದಿಲ್ಲ. ಆದುದರಿಂದ ಅದನ್ನು ಕೈಮೀಟರಿನ ಮುಂದೆ ಹಿಡಿದು ಓದುವವರು ಯಾವ ಮುಖ ಹೊರಗಿದೆಯೆಂದು ನೋಡಿಕೊಳ್ಳಬೇಕು.

ನಾನು ಹೇಳಿದ ನಿಯಮಕ್ಕೆ ಒಂದು ಮಿತಿಯೂ ಇದೆ. ಚಿತ್ರದ ಮುಖ್ಯವಸ್ತುವಿನ ಮೇಲೆಯೇ ಧ್ರುವೀಕೃತವಾದ ಹೊಳಪು ಕವಿದಿದ್ದಾಗ ವಿಚಾರ ಸೂಕ್ಷ್ಮವಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ನೆನೆದ ಎಲೆಯ ಮೇಲ್ಮೈ ಬಿಳಿಯ ಆಕಾಶವನ್ನು ಪ್ರತಿಫಲಿಸುತ್ತ ತನ್ನ ಹಸುರನ್ನು ಮರೆಮಾಡಿಕೊಂಡಿರುತ್ತದೆ; ಆ ಎಲೆಯ ಕಡೆಗೆ ಮೀಟರನ್ನು ಹಿಡಿದರೆ ಮೀಟರು ಓದುವುದು ಎಲೆಯನ್ನಲ್ಲ, ಎಲೆಯ ಮೇಲೆ ಕುಳಿತ ಆಕಾಶವನ್ನು. ಆ ಸಂಖ್ಯೆಗೆ ಫಿಲ್ಟರಿನ ಅಂಶವನ್ನು ಕೂಡಿಸಿದರೆ, ಹೊಳಪು ಅಳಿದ ಮೇಲೆ ಉಳಿಯುವ ಹಸುರಿಗೆ ಬೆಳಕು ಸಾಲದೆ ಚಿತ್ರ ಕಪ್ಪಾಗುತ್ತದೆ. ವಸ್ತುವಿನ ಕಡೆಗಲ್ಲದೆ, ವಸ್ತುವಿನ ಮೇಲೆ ಬೀಳುವ ಬೆಳಕಿನ ಕಡೆಗೆ ಹಿಡಿಯುವ ಬಿಳಿಯ ಗುಮ್ಮಟದ ಇನ್ಸಿಡೆಂಟ್ ಮೀಟರಿಗೆ ಈ ವಂಚನೆ ತಟ್ಟುವುದಿಲ್ಲ. ಅದರ ಓದಿಗೆ ಅಂಶವನ್ನು ಕೂಡಿಸಿದರೆ ಎಲೆ ಎಲೆಯಾಗಿಯೇ ಬರುತ್ತದೆ. ಅಂತಹ ಮೀಟರಿಲ್ಲದವರು ಅದೇ ಬೆಳಕಿನಲ್ಲಿರುವ ಮರದ ಒರಟು ತೊಗಟೆಯನ್ನೋ ಬೂದುಬಣ್ಣದ ಕಾರ್ಡನ್ನೋ ಓದಬಹುದು. ನೀರಿನ ತಳದ ಮೀನನ್ನು ಹಿಡಿಯಬೇಕಾದಾಗ ಮಾತ್ರ, ನೀರು ಎಷ್ಟು ಬೆಳಕನ್ನು ಕುಡಿದಿದೆಯೆಂಬುದು ಹೊರಗಿನಿಂದ ತಿಳಿಯದಾದ್ದರಿಂದ, ಹೊಳಪು ಅಳಿಯುವಂತೆ ಫಿಲ್ಟರನ್ನು ತಿರುಗಿಸಿ ಅದರ ಮೂಲಕವೇ ತಳವನ್ನು ಓದುವುದು ಯುಕ್ತ.

ಹೊರಗಿನಿಂದ ಬಂದು ಮೇಲೆ ಕುಳಿತ ಬೆಳಕನ್ನು ವಸ್ತುವಿನ ಸ್ವಂತ ಬೆಳಕಿನಿಂದ ಬೇರ್ಪಡಿಸಿ, ಆಮೇಲೆ ನಿರ್ಣಯಕ್ಕೆ ಬರಬೇಕೆಂಬ ಈ ವಿವೇಕಕ್ಕೆ ನಮ್ಮವರದೇ ಆದ ಮಹೋನ್ನತ ದೃಷ್ಟಾಂತವೊಂದಿದೆ. 1921ರಲ್ಲಿ ಸಿ. ವಿ. ರಾಮನ್ನರು ಇಂಗ್ಲೆಂಡಿನಿಂದ ನರ್ಕುಂಡ ಎಂಬ ಹಡಗಿನಲ್ಲಿ ಹಿಂದಿರುಗುತ್ತಿದ್ದಾಗ ಸಮುದ್ರದ ನೀಲಿಯನ್ನು ಕುರಿತು ಆಲೋಚಿಸಿದರು. ಕಡಲಿನ ನೀಲಿ ಆಕಾಶದ ನೀಲಿಯ ಪ್ರತಿಬಿಂಬವೇ ಹೊರತು ಬೇರೆಯಲ್ಲವೆಂದು ಲಾರ್ಡ್ ರ್‍ಯಾಲಿಯಂತಹ ಪಂಡಿತರು ಹೇಳಿದ್ದರು. ರಾಮನ್ನರು ತಮ್ಮಲ್ಲಿದ್ದ ಪುಟ್ಟ ನಿಕೋಲ್ ಪ್ರಿಸಮ್ಮನ್ನು ಕಣ್ಣಿಗೆ ಹಿಡಿದು, ಬ್ರೂಸ್ಟರನ ಕೋನದಲ್ಲಿ ನೀರನ್ನು ನೋಡಿ, ಪ್ರಿಸಮ್ಮನ್ನು ತಿರುಗಿಸಿ ಮೇಲ್ಮೈಯ ಪ್ರತಿಬಿಂಬವನ್ನು ಅಳಿಸಿಹಾಕಿದರು. ನೀಲಿ ಅಳಿಯಲಿಲ್ಲ, ಮೊದಲಿಗಿಂತ ಶುದ್ಧವಾಗಿ ಕಂಡಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂಬ ಆ ವಿಚಾರವನ್ನು ಅವರು ಮುಂಬಯಿಯ ಬಂದರಿನಿಂದಲೇ ಬರೆದು ಪ್ರಕಟಣೆಗೆ ಕಳುಹಿಸಿದರು. ಅಲ್ಲಿಂದ ಮೊದಲಾದ ಅನ್ವೇಷಣೆ 1928ರ ಫೆಬ್ರವರಿ 28ರಂದು ಅವರ ಹೆಸರಿನ ಪರಿಣಾಮದ ಆವಿಷ್ಕಾರದಲ್ಲಿ ಫಲಿಸಿತು. ಜೀವನದ ಉತ್ತರಾರ್ಧವನ್ನು ಬೆಂಗಳೂರಿನಲ್ಲಿ ಕಳೆದ ಆ ಮಹನೀಯರು ಹಡಗಿನ ಕಟಕಟೆಗೆ ಒರಗಿ ಮಾಡಿದ ಕೆಲಸವನ್ನೇ, ಕೆರೆಯ ದಂಡೆಯಲ್ಲಿ ನಿಂತು ಫಿಲ್ಟರನ್ನು ತಿರುಗಿಸುವ ಹುಡುಗನೂ ಮಾಡುತ್ತಾನೆ. ಇದನ್ನು ಅವನಿಗೆ ತಿಳಿಸಿ ಹೇಳುವ ಉಪಾಧ್ಯಾಯರು ಇದ್ದರೆ ಅವನು ಫಿಲ್ಟರನ್ನು ಬೇರೆಯ ಗೌರವದಿಂದ ಕಾಣುತ್ತಾನೆಂದು ನನ್ನ ನಂಬಿಕೆ.

ಇಷ್ಟೆಲ್ಲ ಲೆಕ್ಕಾಚಾರ ಫಿಲ್ಮಿನ ಕಾಲಕ್ಕೆ ಸಲ್ಲುತ್ತಿತ್ತು, ಈಗ ಚಿತ್ರವನ್ನು ತೆಗೆದ ಕ್ಷಣದಲ್ಲಿಯೇ ಪರದೆಯ ಮೇಲೆ ನೋಡಿ ತಿದ್ದಿಕೊಳ್ಳಬಹುದಲ್ಲ ಎಂಬ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ಹಿಸ್ಟೋಗ್ರಾಂ ನೋಡಿ ತಿದ್ದಿಕೊಳ್ಳಬಲ್ಲವರು ಅವಶ್ಯವಾಗಿ ಹಾಗೆ ಮಾಡಲಿ. ಆದರೆ ಬಿಸಿಲಿನಲ್ಲಿ ಕ್ಯಾಮೆರಾದ ಪರದೆ ಕೊಡುವ ಸಾಕ್ಷ್ಯ ನಂಬತಕ್ಕದ್ದಲ್ಲ. ಬಿಳಿಚಿಹೋದ ಕಲ್ಲಿನ ವಿವರವನ್ನು ಆಮೇಲೆ ಯಾವ ತಂತ್ರಾಂಶವೂ ಮರಳಿ ತಂದುಕೊಡಲಾರದು. ಮತ್ತೂ ಒಂದು ಮಾತು: ಉಂಗುರವನ್ನು ಬೇರೆಬೇರೆ ಸ್ಥಾನಗಳಿಗೆ ತಿರುಗಿಸಿ ನಾಲ್ಕಾರು ಚಿತ್ರಗಳನ್ನು ತೆಗೆದಾಗ, ಎಕ್ಸ್‌ಪೋಷರು ಸ್ಥಿರವಾಗಿದ್ದರೆ ಮಾತ್ರ ಅವುಗಳ ನಡುವಿನ ಭೇದ ಫಿಲ್ಟರಿನದೆಂದು ಹೇಳಲು ಬರುತ್ತದೆ, ಪ್ರತಿಸಲವೂ ಮೀಟರು ತನ್ನ ಇಚ್ಛೆಯಂತೆ ಬೆಳಕನ್ನು ಬದಲಾಯಿಸುತ್ತಿದ್ದರೆ ಕಲಿಯುವವನಿಗೆ ಯಾವುದರಿಂದ ಯಾವುದಾಯಿತೆಂಬುದು ಎಂದಿಗೂ ತಿಳಿಯುವುದಿಲ್ಲ. ವಿದ್ಯೆಯ ದೃಷ್ಟಿಯಿಂದ ನನಗೆ ಇದೇ ಅತ್ಯಂತ ಗಂಭೀರವಾದ ಕಾರಣ.

ಅತಿವಿಶಾಲ ಕೋನದ ಲೆನ್ಸುಗಳಿಗೆ ಈ ಫಿಲ್ಟರನ್ನು ತೊಡಿಸುವುದು ನನಗೆ ಒಪ್ಪಿಗೆಯಿಲ್ಲ. ಆಕಾಶದ ಧ್ರುವೀಕರಣ ಒಂದು ಪಟ್ಟಿಯಲ್ಲಿ ಪ್ರಬಲವಾಗಿ ಎರಡು ಕಡೆಗೂ ಕ್ಷೀಣವಾಗುವುದರಿಂದ, ಅಂತಹ ಚಿತ್ರಗಳಲ್ಲಿ ಆಕಾಶದ ನಡುವೆ ಕಪ್ಪು ಕಲೆಯೊಂದು ಎದ್ದು ನಿಲ್ಲುತ್ತದೆ. ಅದು ಪ್ರಕೃತಿಯಲ್ಲಿ ಕಣ್ಣು ಕಂಡ ಸತ್ಯವಲ್ಲ. ಕಾಮನಬಿಲ್ಲಿನ ಬೆಳಕೂ ಧ್ರುವೀಕೃತವಾದುದರಿಂದ ಉಂಗುರವನ್ನು ಅಜಾಗರೂಕತೆಯಿಂದ ತಿರುಗಿಸಿದರೆ ಬಿಲ್ಲಿನ ಭಾಗವೇ ಮಾಯವಾಗುತ್ತದೆ.

ಛಾಯಾಗ್ರಹಣವನ್ನು ಕಲಿಸುವ ಶಾಲೆಗಳಿಗೂ, ಊರೂರಿನ ಛಾಯಾಗ್ರಾಹಕರ ಸಂಘಗಳಿಗೂ, ಫಿಲ್ಟರನ್ನು ಮಾರುವ ವರ್ತಕರಿಗೂ ನನ್ನ ವಿಜ್ಞಾಪನೆ ಒಂದೇ. ಹೊಸ ಪೋಲರೈಸರನ್ನು ಕೈಗೆ ಕೊಡುವಾಗ ಅದರಿಂದ ಆಕಾಶ ಎಷ್ಟು ನೀಲಿಯಾಗುತ್ತದೆಂಬುದನ್ನು ತೋರಿಸುವ ಮೊದಲು, ನೆರಳಿನಲ್ಲಿ ಸಮನಾಗಿ ಬೆಳಗಿದ ಒಂದು ಒರಟು ಗೋಡೆಯ ಮುಂದೆ ಕಲಿಯುವವನನ್ನು ನಿಲ್ಲಿಸಿ, ಫಿಲ್ಟರಿಲ್ಲದೆ ಒಮ್ಮೆ ಬೆಳಕನ್ನು ಓದಿಸಿ, ಫಿಲ್ಟರನ್ನು ತೊಡಿಸಿ ಇನ್ನೊಮ್ಮೆ ಓದಿಸಿ. ಎರಡಕ್ಕೂ ಇರುವ ವ್ಯತ್ಯಾಸ ಎಷ್ಟು ಸ್ಟಾಪೆಂಬುದನ್ನು ಆ ಫಿಲ್ಟರಿನ ಡಬ್ಬಿಯ ಮೇಲೆ ಅವನ ಕೈಯಿಂದಲೇ ಬರೆಯಿಸಿ. ಅನಂತರ ಕ್ಯಾಮೆರಾವನ್ನು ಮ್ಯಾನ್ಯುಯಲ್ಲಿಗೆ ತಿರುಗಿಸಿಕೊಂಡು ಹೊರಗೆ ಹೋಗಲು ಹೇಳಿ.